ರಜೆಯ ದಿನ ಕಾಲೇಜಿಗೆ ಹೋಗಬೇಡಿ

ಇನ್ನು ಮುಂದೆ ರಜೆಯ ದಿನ ನಾನು ಓದಿದ ಕಾಲೇಜಿಗೆ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನೀವೂ ಹೋಗಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ಹೋಗುವುದಾದರೆ ಮಂಗಳವಾರ ಹೋಗಿ, ಬುಧವಾರವಾದರೂ ಆದೀತು. ಒಂದು ದಿನ ರಜೆ ಹಾಕಿ, ಪಾಠ ನಡೆಯುವ ಹೊತ್ತಿಗೆ, ಒಬ್ಬರೇ ಹೋಗಿ ಗೇಟಿನ ಮುಂದೆ ನಿಲ್ಲಿ. ಗುಂಪು ಕಟ್ಟಿಕೊಂಡು, ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು, ಲಾಂಗ್ ವೀಕೆಂಡಿನಲ್ಲಿ ಮಾತ್ರ ಹೋಗಬೇಡಿ.

ಈ ವರ್ಷದ ಜನವರಿ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಸೋಮವಾರ ಗಣರಾಜ್ಯೋತ್ಸವ. ಕ್ಯಾಲೆಂಡರಿನ ಈ ಔದಾರ್ಯವನ್ನು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪು ನವೆಂಬರಿನಲ್ಲೇ ಪತ್ತೆ ಹಚ್ಚಿತ್ತು. 2001ರಿಂದ 2004ರವರೆಗೆ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ, ಬಿಕಾಂ ಓದಿದ ನೂರಾ ಚಿಲ್ಲರೆ ಜನ ಅದರಲ್ಲಿದ್ದೇವೆ. ಹೆಚ್ಚಿನವರು ಬೆಂಗಳೂರಿನಲ್ಲಿ, ಕೆಲವರು ಹುಬ್ಬಳ್ಳಿ, ಮಂಗಳೂರಿನಲ್ಲಿ, ಇಬ್ಬರು ದುಬೈಯಲ್ಲಿ. ಊರಲ್ಲೇ ಉಳಿದವರು ಎಂಟು ಹತ್ತು ಜನ ಇರಬಹುದು. ಅವರು ಗ್ರೂಪಿನಲ್ಲಿ ಮಾತಾಡುವುದು ಕಡಿಮೆ. ಗ್ರೂಪಿನ ಹುರುಪೆಲ್ಲ ಊರು ಬಿಟ್ಟವರದ್ದು. 'ಮೂರು ದಿನ ಸಿಗ್ತದೆ ಮಾರಾಯ, ಇದು ಬಿಟ್ರೆ ಮತ್ತೆ ಸಿಗಲ್ಲ' ಎಂದು ಒಬ್ಬ ಬರೆದ. ಅರ್ಧ ಗಂಟೆಯಲ್ಲಿ ಸ್ನೇಹ ಸಮ್ಮಿಲನದ ದಿನ, ಟೀ ಶರ್ಟಿನ ಬಣ್ಣ, ಶನಿವಾರ ರಾತ್ರಿಗೆ ಹೋಂಸ್ಟೇ, ಎಲ್ಲವೂ ನಿಕ್ಕಿಯಾಯಿತು. ಕಾಲೇಜಿಗೆ ಆ ದಿನ ಅನುಕೂಲವೇ ಎಂದು ಕೇಳಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ರೈಲಿನ ಬುಕಿಂಗ್ ಈಗ ಅರವತ್ತು ದಿನ ಮುಂಚೆ ತೆರೆಯುತ್ತದೆ. ಜನವರಿ 23ರ ರಾತ್ರಿಯ ತಾಳಗುಪ್ಪ ರೈಲಿಗೆ ನವೆಂಬರ್ 24ರ ಬೆಳಿಗ್ಗೆ ಎಂಟಕ್ಕೆ ಕೂತೆ. ಒಟಿಪಿ ಬಂದು, ದುಡ್ಡು ಕಡಿತವಾಗಿ, ಕೈಗೆ ಸಿಕ್ಕಿದ್ದು ವೇಟಿಂಗ್ ಲಿಸ್ಟ್. ಅದು ಕೊನೆಗೂ ಖಾತ್ರಿಯಾಗಲಿಲ್ಲ. ಮಾಮೂಲಿ ದಿನ ಏಳೆಂಟು ನೂರಕ್ಕೆ ಸಿಗುವ ಖಾಸಗಿ ಸ್ಲೀಪರ್ ಬಸ್ಸಿನ ಬರ್ತಿಗೆ ಆ ಶುಕ್ರವಾರ 2,100 ರೂಪಾಯಿ. ಕೊಟ್ಟೆ. ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವುದಕ್ಕೆ ಎರಡೂವರೆ ಗಂಟೆ ಹಿಡಿಯಿತು. ಕೆಳಗಿನ ಬರ್ತಿನ ಹುಡುಗರು ಜೋಗಕ್ಕೆ ಹೊರಟಿದ್ದರು. ಜನವರಿಯಲ್ಲಿ ಜೋಗದಲ್ಲಿ ನೀರೆಷ್ಟಿರುತ್ತದೆ ಎಂದು ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಎದುರಿನ ಕುಟುಂಬ ಸಿಗಂದೂರಿಗೆ. ಕಳೆದ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿ, ರಜೆ ಬಂದರೆ ಸಾಕು ಆ ದಾರಿಗೆ ಕಾರುಗಳ ಸಾಲು. 'ನೀವು ಎಲ್ಲಿಗೆ?' ಎಂದು ಆ ಮನೆಯ ಯಜಮಾನರು ಕೇಳಿದರು. 'ನಮ್ಮ ಕಾಲೇಜಿಗೆ' ಎಂದೆ. 'ಓ, ನೋಡೋ ಥರ ಇದೆಯಾ?' ಎಂದರು. ಆಗ ನಗು ಬಂತು. ಈಗ ಯೋಚಿಸಿದರೆ ಅವರು ಸರಿಯಾಗಿಯೇ ಕೇಳಿದ್ದರು. ನಾವೂ ನೋಡಲು ಹೊರಟವರೇ.

ಶನಿವಾರದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಹೋಂಸ್ಟೇ, ಬೆಂಕಿ, ಅಂತ್ಯಾಕ್ಷರಿ, ನಲವತ್ತು ದಾಟಿದವರ ಕೊಲೆಸ್ಟ್ರಾಲು.

ಭಾನುವಾರ ಬೆಳಿಗ್ಗೆ ಅರವತ್ತಮೂರು ಜನ ಕಡುನೀಲಿ ಟೀ ಶರ್ಟಿನಲ್ಲಿ ಕಾಲೇಜಿನ ಗೇಟು ದಾಟಿದೆವು. ಯಾರೋ ನೆಲ ಮುಟ್ಟಿ ನಮಸ್ಕಾರ ಮಾಡಿದರು, ಅದನ್ನು ಇನ್ನಾರೋ ವಿಡಿಯೋ ಮಾಡಿದರು. ಕಟ್ಟಡಕ್ಕೆ ಹೊಸ ಬಣ್ಣ, ಬಾಗಿಲಿಗೆ ಮಾವಿನ ತೋರಣ. ತರಗತಿಗಳಿಗೆಲ್ಲ ಬೀಗ. ನಮ್ಮ ಕ್ಲಾಸಿನ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ, ಅದೋ ನನ್ನ ಬೆಂಚು ಎಂದು ಖುಷಿಪಟ್ಟೆವು. ಇಪ್ಪತ್ತೆರಡು ವರ್ಷದಲ್ಲಿ ಬೆಂಚು ಬದಲಾಗಿಲ್ಲ ಎನ್ನುವುದು ಖುಷಿಪಡುವ ಸಂಗತಿಯೇ ಎಂದು ಆಗ ಯಾರಿಗೂ ಅನಿಸಲಿಲ್ಲ.

ಸಮಾರಂಭ ನಡೆಯಿತು. ಬ್ಯಾಚಿನ ಪರವಾಗಿ ಒಂದು ಸ್ಮಾರ್ಟ್ ಬೋರ್ಡು, ಕುಡಿಯುವ ನೀರಿನ ಯಂತ್ರ, ಅದರ ಪಕ್ಕದ ಗೋಡೆಗೆ ದಾನಿಗಳ ಹೆಸರಿರುವ ಕಲ್ಲು. ಕಲ್ಲಿಗಾದ ಖರ್ಚು ನೀರಿನ ಯಂತ್ರದ ಖರ್ಚಿಗಿಂತ ಬಹಳ ಕಡಿಮೆಯೇನೂ ಇರಲಿಲ್ಲ. ನನ್ನನ್ನು 'ನಮ್ಮ ಬ್ಯಾಚಿನ ಸಾಹಿತಿ' ಎಂದು ಕರೆದು ಮಾತಾಡಿಸಿದರು. ಈ ಕಾಲೇಜು ನನಗೆ ಅಕ್ಷರ ಕೊಟ್ಟಿತು, ಈ ಮಣ್ಣು ನನಗೆ ಭಾಷೆ ಕೊಟ್ಟಿತು ಎಂಬ ಧಾಟಿಯಲ್ಲಿ ಹನ್ನೆರಡು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ನನ್ನ ಗಂಟಲೂ ಕಟ್ಟಿತ್ತು, ಅದು ನಾಟಕವೇನಲ್ಲ. ಗಂಟಲು ಕಟ್ಟಿತೆಂದ ಮಾತ್ರಕ್ಕೆ ಆಡಿದ ಮಾತು ನಿಜವಾಗುವುದಿಲ್ಲ ಎನ್ನುವುದಕ್ಕೆ ಎರಡು ದಿನ ಬೇಕಾಯಿತು.

ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ವಿದ್ಯಾರ್ಥಿಗಳಾಗಿರುವ ಓದುಗರಿಗೆ ಗೊತ್ತಿರಬಹುದು, ನನ್ನ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಈ ಹತ್ತು ಹದಿನೈದು ವರ್ಷಗಳಲ್ಲಿ ರಾಜ್ಯದ ಕಾಲೇಜುಗಳಲ್ಲೆಲ್ಲ ಹಳೆಯ ವಿದ್ಯಾರ್ಥಿಗಳ ಸಂಘಗಳು ಯಾಕೆ ಹೀಗೆ ಚಿಗುರಿದವು? ನಮ್ಮ ಪ್ರೀತಿ ಒಮ್ಮೆಲೇ ಉಕ್ಕಿದ್ದರಿಂದಲ್ಲ. ಕಾಲೇಜುಗಳನ್ನು ಅಳೆದು ಗ್ರೇಡು ಕೊಡುವ ನ್ಯಾಕ್‌ನ ಮಾನದಂಡಗಳಲ್ಲಿ, ಐದನೆಯ ವಿಭಾಗದ ಅಡಿಯಲ್ಲಿ, ಹಳೆಯ ವಿದ್ಯಾರ್ಥಿಗಳ ತೊಡಗಿಕೊಳ್ಳುವಿಕೆಗೇ ಒಂದು ಉಪವಿಭಾಗವಿದೆ. ನೋಂದಾಯಿತ ಸಂಘ ಉಂಟೇ, ಅದರ ಕೊಡುಗೆ ಎಷ್ಟು ಲಕ್ಷ ಎಂದು ಕೇಳುತ್ತದೆ. ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರಕ್ಕೆ ಸಾಕ್ಷಿ ಬೇಕು. ಸಾಕ್ಷಿ ಎಂದರೆ ಫೋಟೋ, ಅದೂ ಅಕ್ಷಾಂಶ ರೇಖಾಂಶ, ದಿನಾಂಕ, ಗಂಟೆ ಎಲ್ಲ ಮೂಡಿದ ಜಿಯೋಟ್ಯಾಗ್ ಫೋಟೋ. ನಾವು ಕಣ್ಣೊರೆಸಿಕೊಂಡ ಗಳಿಗೆ ಈಗ ಯಾವುದೋ ಕಡತದಲ್ಲಿ ಅಕ್ಷಾಂಶದ ಸಮೇತ ಭದ್ರವಾಗಿದೆ. ಹೊಸ ಬಣ್ಣ, ತೋರಣ, ನಮ್ಮ ಟೀ ಶರ್ಟು, ಎಲ್ಲವೂ ಆ ಕಡತಕ್ಕೆ ಚೆನ್ನಾಗಿ ಹೊಂದುತ್ತವೆ. ಪ್ರಾಂಶುಪಾಲರನ್ನು ನಾನು ದೂರುವುದಿಲ್ಲ, ಅವರಿಗೆ ಬೇರೆ ದಾರಿಯಿಲ್ಲ. ಆದರೆ ನಾವು ಅತಿಥಿಗಳಾಗಿ ಹೋದೆವು ಎಂದುಕೊಂಡಿದ್ದರೆ, ದಾಖಲೆಯಾಗಿ ಬಳಕೆಯಾಗಿ ಬಂದೆವು ಎನ್ನುವುದೂ ತಿಳಿದಿರಲಿ.

ಆ ಫೋಟೋದ ಬಗ್ಗೆಯೇ ಹೇಳಬೇಕಾದದ್ದು. ಸಮಾರಂಭ ಮುಗಿದ ಮೇಲೆ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಮುಂದಿನ ಕುರ್ಚಿಗಳಲ್ಲಿ ನಮಗೆ ಕಲಿಸಿ ನಿವೃತ್ತರಾದ ನಾಲ್ವರು, ಶಾಲು ಹೊದ್ದು. ಫೋಟೋ ತೆಗೆದವರು ಕಾಲೇಜಿನವರೇ ಒಬ್ಬರು, ಐವತ್ತರ ಆಸುಪಾಸಿನವರು, ಮೂರು ಸಲ ಕ್ಲಿಕ್ಕಿಸಿದರು. 'ಹಿಂದಿನವರು ಸ್ವಲ್ಪ ಎಡಕ್ಕೆ' ಎಂದರು. ಆ ದನಿ ಎಲ್ಲೋ ಕೇಳಿದ್ದೇನೆ ಅನಿಸಿತು, ಅಷ್ಟರಲ್ಲಿ ಊಟಕ್ಕೆ ಕರೆದರು. ರಾತ್ರಿ ಗ್ರೂಪಿಗೆ ಬಂದ ಫೋಟೋ ನೋಡುತ್ತಾ ಕೂತಾಗ ಥಟ್ಟನೆ ಹೊಳೆಯಿತು. ಮೂರು ವರ್ಷ ನಮಗೆ ಐಚ್ಛಿಕ ಕನ್ನಡ ಕಲಿಸಿದ ಮೇಷ್ಟ್ರು ಫೋಟೋದಲ್ಲಿ ಇಲ್ಲ, ಏಕೆಂದರೆ ಫೋಟೋ ತೆಗೆದದ್ದು ಅವರೇ.

ಆಗ ಅವರಿಗೆ ಇಪ್ಪತ್ತೇಳು ಇಪ್ಪತ್ತೆಂಟು. ಎಂಎ ಮುಗಿಸಿ ಅರೆಕಾಲಿಕ ಉಪನ್ಯಾಸಕರಾಗಿ ಬಂದಿದ್ದರು. ಈಗ ಹೆಸರು ಬದಲಾಗಿದೆ: ಅತಿಥಿ ಉಪನ್ಯಾಸಕರು. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿರುವವರನ್ನು ಅತಿಥಿ ಎಂದು ಕರೆಯುವ ಭಾಷೆ ಸರ್ಕಾರಕ್ಕೆ ಮಾತ್ರ ಬರುತ್ತದೆ. ಶಾಲು ಹೊದಿಸುವವರ ಪಟ್ಟಿ ಮಾಡಿದ್ದು ನಮ್ಮದೇ ಸಮಿತಿ. ನಿವೃತ್ತರ ಪಟ್ಟಿಯನ್ನು ಕಚೇರಿಯಿಂದ ತರಿಸಿಕೊಂಡಿದ್ದರು. ನಿವೃತ್ತರಾಗಲು ಮೊದಲು ನೇಮಕವಾಗಿರಬೇಕಲ್ಲ. ಮೇಷ್ಟ್ರ ಹೆಸರು ಆ ಪಟ್ಟಿಯಲ್ಲಿ ಬರಲು ಸಾಧ್ಯವೇ ಇರಲಿಲ್ಲ. ನಮ್ಮಲ್ಲಿ ಒಬ್ಬರಿಗಾದರೂ ನೆನಪಾಗಬೇಕಿತ್ತು. ಅವರ ಹೆಸರನ್ನು ನಾನೂ ಇಲ್ಲಿ ಬರೆಯುತ್ತಿಲ್ಲ, ಅದಕ್ಕೆ ಕಾರಣ ಬೇರೆ. ಅತಿಥಿ ಉಪನ್ಯಾಸಕರ ಆಯ್ಕೆ ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ, ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್ ಎಲ್ಲ. ಬರುವ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಇರಲಿ ಎಂಬುದು ನನ್ನ ಆಸೆ.

ಸೋಮವಾರ ಬೆಳಿಗ್ಗೆ ಧ್ವಜಾರೋಹಣಕ್ಕೆ ಹೋದೆ. ದೇಶಪ್ರೇಮದಿಂದ ಉಳಿದವನೆಂದು ತಿಳಿಯಬೇಡಿ. ಸೋಮವಾರ ರಾತ್ರಿಯ ಬಸ್ಸಿಗೆ 2,600 ಕೇಳಿದ್ದರು, ಮಂಗಳವಾರ ರಾತ್ರಿಗೆ 750. ಒಂದು ದಿನದ ರಜೆ ಅಗ್ಗವೆನಿಸಿ ಉಳಿದೆ. ಗೆಳೆಯರು ಟ್ರಾಫಿಕ್ಕಿಗೆ ಹೆದರಿ ಭಾನುವಾರ ಸಂಜೆಯೇ ಕಾರು ತಿರುಗಿಸಿದ್ದರು. ಅರವತ್ತಮೂರರಲ್ಲಿ ಬಾವುಟದ ಕೆಳಗೆ ಉಳಿದದ್ದು ಇಬ್ಬರು: ನಾನು, ಮತ್ತೆ ಪೇಟೆಯಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವ ನಮ್ಮ ಬಿಕಾಂ ಗೆಳೆಯ. ಎನ್‌ಸಿಸಿ ಹುಡುಗರು, ಒಂದಿಷ್ಟು ಅಧ್ಯಾಪಕರು, ಲಾಡು. ಮೇಷ್ಟ್ರು ಲಾಡು ಹಂಚುತ್ತಿದ್ದರು. ಹತ್ತಿರ ಹೋಗಿ ಹೆಸರು ಹೇಳಿದೆ. 'ಗೊತ್ತಾಯ್ತು ಮಾರಾಯ, ನಿನ್ನೆ ಮೈಕಲ್ಲಿ ಹೇಳಿದ್ರಲ್ಲ' ಎಂದರು. ಕ್ಷಮೆ ಕೇಳಲು ಬಾಯಿ ತೆರೆದೆ. 'ನಾಳೆ ಕ್ಲಾಸಿದೆ, ಬಾ' ಎಂದು ಮುಂದಿನವರಿಗೆ ಲಾಡು ಕೊಟ್ಟರು.

ಮಂಗಳವಾರ ಹೋದೆ. ಅದೇ ಕಾಲೇಜು ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಸೈಕಲ್ಲು, ಸ್ಕೂಟಿ, ಗಲಾಟೆ, ಕಾರಿಡಾರಿನಲ್ಲಿ ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ನಮ್ಮ ನೀರಿನ ಯಂತ್ರದ ಮುಂದೆ ನಾಲ್ಕು ಹುಡುಗಿಯರು ಬಾಟಲಿ ತುಂಬಿಸಿಕೊಳ್ಳುತ್ತಿದ್ದರು. ಅದಷ್ಟು ನೋಡಿ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಸ್ಮಾರ್ಟ್ ಬೋರ್ಡು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಬಿಎ ಎರಡನೇ ವರ್ಷದ ಐಚ್ಛಿಕ ಕನ್ನಡದ ಕ್ಲಾಸಿನಲ್ಲಿ ಒಂಬತ್ತು ಜನ, ಅದರಲ್ಲಿ ಏಳು ಹುಡುಗಿಯರು. ನಮ್ಮ ಕಾಲದಲ್ಲಿ ನಾವು ಮೂವತ್ತೆಂಟು ಜನ ಇದ್ದೆವು. ಮೇಷ್ಟ್ರು ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ ಹೇಳುತ್ತಿದ್ದರು. ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು. ನಮಗೆ ಹೇಳುವಾಗಲೂ ಮುಚ್ಚಿಯೇ ಇರುತ್ತಿತ್ತು. ಸಾಸಿವೆ ಕಾಳೂ ಒತ್ತುತ್ತದೆ ಎನ್ನುವಷ್ಟು ಮೃದುವಾದ ಮೈಯವನು ಕಡೆಗೆ ನರಿ ತನ್ನನ್ನು ತಿನ್ನುತ್ತಿರುವಾಗಲೂ ಅಲುಗದೆ ಇರುವವನಾಗುವ ಆ ಕಥೆಯನ್ನು ಒಂಬತ್ತು ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹತ್ತನೆಯವನಾದೆ.

ಕ್ಲಾಸು ಮುಗಿದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದಳು. 'ಸರ್, ಒಂದು ಕೇಳ್ಲಾ? ನಿಮ್ಮ ಪ್ರಬಂಧ ಓದಿದೀನಿ, ಫೋನಲ್ಲಿ. ನಮ್ಮ ಸರ್ ಲಿಂಕ್ ಕಳ್ಸಿದ್ರು.' ನಾನು ಹಿಗ್ಗಿದೆ. 'ತುಂಬ ಚೆನ್ನಾಗಿತ್ತು ಸರ್. ಅದ್ರಲ್ಲಿ ಲೈಬ್ರರಿ ಬಗ್ಗೆ ಬರ್ದಿದೀರಲ್ಲ, ಅದು ಯಾವ ಕಾಲೇಜಿಂದು ಸರ್?'

ವ್ಯಂಗ್ಯವಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

ನಾಲ್ಕು ವರ್ಷದ ಹಿಂದೆ ನಾನು ಕಾಲೇಜಿನ ದಿನಗಳ ಬಗ್ಗೆ ಬರೆದ ಪ್ರಬಂಧ ಅದು. ಹಂಚಿನ ಮಾಡಿನ ಮೇಲೆ ಬೀಳುವ ಮಳೆ, ಎತ್ತರದ ಕಿಟಕಿಗಳ ಗ್ರಂಥಾಲಯ, ಬೆನ್ನ ಮೇಲೆ 894.814 ಎಂದು ಬಿಳಿ ಅಂಕಿ ಬರೆದ ಕನ್ನಡ ಪುಸ್ತಕಗಳ ಸಾಲು, ಸಂಜೆ ಬೆಳಕು ಕಂದುವವರೆಗೆ ಕಿಟಕಿಯ ಬಳಿ ಕೂತು 'ಮಲೆಗಳಲ್ಲಿ ಮದುಮಗಳು' ಓದುವ ಹುಡುಗ. ಬಹಳ ಜನ ಮೆಚ್ಚಿದ್ದರು, ಹಂಚಿಕೊಂಡಿದ್ದರು. ಅವಳ ಪ್ರಶ್ನೆಗೆ 'ಇದೇ ಕಾಲೇಜಿಂದು ಕಣಮ್ಮ, ಆ ಬದಿಯ ಹಳೆ ಕಟ್ಟಡದಲ್ಲಿತ್ತು' ಎಂದೆ. ಹೇಳುತ್ತಿರುವಾಗಲೇ ನಾಲಿಗೆ ತಡವರಿಸಿತು. ಹಳೆ ಕಟ್ಟಡದಲ್ಲಿ ಗ್ರಂಥಾಲಯ ಇದ್ದದ್ದು ನಿಜ. ಒಂದು ಕೋಣೆ, ಒಂದು ಕೌಂಟರು. ಒಳಗೆ ಬಿಡುತ್ತಿರಲಿಲ್ಲ; ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಅಟೆಂಡರು ಹುಡುಕಿ 'ಇಲ್ಲ' ಎನ್ನುತ್ತಿದ್ದರು. ತಲೆಗೆ ಎರಡು ಕಾರ್ಡು. ಗ್ರಂಥಪಾಲಕರ ಹುದ್ದೆ ನಮ್ಮ ಮೂರು ವರ್ಷದಲ್ಲಿ ಒಂದೂವರೆ ವರ್ಷ ಖಾಲಿಯಿತ್ತು. ನಾನು ಕಿಟಕಿಯ ಬಳಿ ಕೂತು ಓದಿದ್ದು ಹೌದು, ಆ ಕಿಟಕಿ ಹಾಸ್ಟೆಲಿನದ್ದು. ಓದಿದ 'ಮದುಮಗಳು' ಗ್ರಂಥಾಲಯದ್ದಲ್ಲ, ಮೇಷ್ಟ್ರದ್ದು. ಅವರ ಸ್ವಂತ ಪ್ರತಿ, ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದು. ಎರಡು ತಿಂಗಳು ಇಟ್ಟುಕೊಂಡು ಎಣ್ಣೆ ಕಲೆ ಮಾಡಿ ಹಿಂತಿರುಗಿಸಿದ್ದೆ. ಪ್ರಬಂಧ ಬರೆಯುವಾಗ ಇದ್ಯಾವುದೂ ನೆನಪಾಗಿರಲಿಲ್ಲ. ಬೇಕೆಂದು ಸುಳ್ಳು ಬರೆದಿಲ್ಲ. ಮೇಷ್ಟ್ರ ಪುಸ್ತಕವನ್ನು ಕಿತ್ತು ಕಾಲೇಜಿನ ಕಪಾಟಿನಲ್ಲಿ ಇಟ್ಟದ್ದು ನನ್ನ ನೆನಪು, ನನ್ನ ಕೈ ಅಲ್ಲ ಎಂದು ಬೇಕಾದರೆ ವಾದಿಸಬಹುದು. ಆದರೆ ಹೆಸರು ಬಂದದ್ದು ನನಗೆ.

ಈಗಿನ ಗ್ರಂಥಾಲಯ ತೋರಿಸು ಎಂದೆ. ಅದು ಇನ್ನೊಂದು ಕೋಣೆಗೆ ಹೋಗಿದೆ. ಹಳೆಯ ಕೋಣೆ ಗುಣಮಟ್ಟ ಭರವಸಾ ಕೋಶದ ಕಡತಗಳಿಗೆ. ಪುಸ್ತಕಗಳು ಅರ್ಧ ಕಪಾಟಿನಲ್ಲಿ, ಅರ್ಧ ಗೋಣಿಚೀಲದಲ್ಲಿ. ಕಪಾಟಿನ ಮುಂದಿನ ಸಾಲು ಪೂರ್ತಿ ಪಠ್ಯಪುಸ್ತಕ, ಅದರಲ್ಲೂ ಬೇರೆ ಬೇರೆ ಪಠ್ಯಕ್ರಮದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ಪದವಿ ನಾಲ್ಕು ವರ್ಷದ ಚೌಕಟ್ಟಿಗೆ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಎರಡು ಸಲವೂ ಪಠ್ಯ ಬದಲಾಯಿತು, ಇದ್ದ ಪುಸ್ತಕ ಹಳತಾಯಿತು. ಗೋಣಿಚೀಲ ಬಿಚ್ಚಿ ನೋಡಿದರೆ ಕಾದಂಬರಿಗಳು. ಅವು ಯಾವ ನೀತಿಗೂ ಹಳತಾಗುವುದಿಲ್ಲ, ಆದರೆ ಕಪಾಟು ಅವಕ್ಕಿಲ್ಲ.

'ಇಲ್ಲಿ ಕೂತು ಓದ್ತೀಯಾ?' ಎಂದು ಕೇಳಿದೆ. 'ಟೈಮ್ ಎಲ್ಲಿ ಸರ್, ಮೂರು ನಲವತ್ತಕ್ಕೆ ನಮ್ಮ ಬಸ್ಸು.' ಅವಳ ಊರು ಇಪ್ಪತ್ತಾರು ಕಿಲೋಮೀಟರು. ಖಾಸಗಿ ಬಸ್ಸು. ಅದು ತಪ್ಪಿದರೆ ಆರೂವರೆಯದ್ದು, ಅದು ಬಂದರೆ ಬಂತು. ಇಳಿದ ಮೇಲೆ ಎರಡು ಕಿಲೋಮೀಟರು ನಡಿಗೆ. ಬೆಂಗಳೂರಿನಲ್ಲಿ ಕೂತವರಿಗೆ ಇದು ಅರ್ಥವಾಗುವುದಿಲ್ಲ, ಹಾಗಾಗಿ ಹೇಳುತ್ತೇನೆ: 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನ ಹಳ್ಳಿಗಳಿಗೆ ಬಹುಪಾಲು ಹೋಗುವುದು ಖಾಸಗಿ ಬಸ್ಸು. ಕಾರ್ಮಿಕರೇ ಕಟ್ಟಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಈ ಹುಡುಗಿ ದಿನವೂ ದುಡ್ಡು ಕೊಟ್ಟು ಬರುತ್ತಾಳೆ. ನನ್ನ 2,100 ರೂಪಾಯಿಯ ಸಂಕಟವನ್ನು ಹೋಂಸ್ಟೇಯಲ್ಲಿ ಎಲ್ಲರಿಗೂ ಹೇಳಿಕೊಂಡು ನಗಿಸಿದ್ದೆ. ಲಾಂಗ್ ವೀಕೆಂಡ್ ಬಂತೆಂದರೆ ಸರ್ಕಾರ ನೂರಾರು ಹೆಚ್ಚುವರಿ ಬಸ್ಸು ಬಿಡುತ್ತದೆ, ಪ್ರಕಟಣೆ ಹೊರಡಿಸುತ್ತದೆ, ಟಿವಿಯವರು ಮೆಜೆಸ್ಟಿಕ್ಕಿನಲ್ಲಿ ನಿಂತು ವರದಿ ಮಾಡುತ್ತಾರೆ. ಮೂರು ನಲವತ್ತರ ಬಸ್ಸು ಐದಕ್ಕೆ ಹೊರಡಲಿ ಎಂದರೆ, ಅವಳಿಗೆ ಗ್ರಂಥಾಲಯದಲ್ಲಿ ಒಂದು ಗಂಟೆ ಸಿಗಲಿ ಎಂದರೆ, ಯಾರನ್ನು ಕೇಳಬೇಕು? ಭಾನುವಾರ ಶಾಲು ಹೊದ್ದು ವೇದಿಕೆಯಲ್ಲಿ ಕೂತ ನಮ್ಮ ಬ್ಯಾಚಿನವರಲ್ಲಿ ಒಬ್ಬ ಸಾರಿಗೆ ಕಚೇರಿಯಲ್ಲೇ ಅಧಿಕಾರಿ. ಇನ್ನೊಬ್ಬನ ಭಾವನದು ಮೂರು ಬಸ್ಸಿವೆ. ಅವರಿಗೆ ಇದು ಗೊತ್ತೇ ಇಲ್ಲ, ಯಾಕೆಂದರೆ ಭಾನುವಾರ ಆ ಹುಡುಗಿ ಕಾಲೇಜಿನಲ್ಲಿ ಇರುವುದಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿ. ರಜೆಯ ದಿನ ಹೋದವರಿಗೆ ಕಟ್ಟಡ ಕಾಣುತ್ತದೆ. ಕಟ್ಟಡದ ಒಳಗೆ ನಾವು ನಮ್ಮನ್ನೇ ಇಟ್ಟುಕೊಂಡು ನೋಡುತ್ತೇವೆ: ಅಲ್ಲಿ ನಾನು ಕೂರುತ್ತಿದ್ದೆ, ಇಲ್ಲಿ ಅವಳು ನಿಲ್ಲುತ್ತಿದ್ದಳು. ಈಗ ಅಲ್ಲಿ ಕೂರುವವರು ಯಾರು ಎಂಬ ಕುತೂಹಲವೂ ಹುಟ್ಟುವುದಿಲ್ಲ. ಈ ಕಾಯಿಲೆ ಸ್ನೇಹ ಸಮ್ಮಿಲನದವರಿಗೆ ಮಾತ್ರ ತಗಲಿದ್ದಲ್ಲ, ಬರೆಯುವ ನಮಗೆ ಇನ್ನೂ ಗಟ್ಟಿಯಾಗಿ ತಗಲಿದೆ. ಕನ್ನಡದ ಜಾಲಪತ್ರಿಕೆಗಳಲ್ಲಿ ವಾರಕ್ಕೆರಡಾದರೂ ಕಾಲೇಜು ನೆನಪಿನ ಬರಹ ಬರುತ್ತದೆ. ಮಳೆ ಇರಲೇಬೇಕು. ಕ್ಯಾಂಟೀನಿನ ಬನ್ಸು ಇರಬೇಕು. ಹೊರಗೆ ಗಡಸು, ಒಳಗೆ ಬೆಣ್ಣೆಯಂಥ ಮೇಷ್ಟ್ರು ಒಬ್ಬರು ಇರಬೇಕು, ಕೊನೆಯ ಪ್ಯಾರಾದ ಹೊತ್ತಿಗೆ ಅವರು ತೀರಿಕೊಂಡಿದ್ದರೆ ಇನ್ನೂ ಒಳ್ಳೆಯದು. ಆ ಮೇಷ್ಟ್ರಿಗೆ ಕನ್ನಡಕ ಇರುತ್ತದೆ, ಸೈಕಲ್ಲು ಇರುತ್ತದೆ, ಜೇಬಿನಲ್ಲಿ ಸೀಮೆಸುಣ್ಣ ಇರುತ್ತದೆ; ಸಂಬಳ ಇರುವುದಿಲ್ಲ. ಅವರಿಗೆ ಎಷ್ಟು ಬರುತ್ತಿತ್ತು, ಯಾವ ತಿಂಗಳು ಬರುತ್ತಿರಲಿಲ್ಲ ಎಂದು ಒಬ್ಬರೂ ಬರೆದದ್ದು ನಾನು ಓದಿಲ್ಲ. ನನ್ನ ಪ್ರಬಂಧದಲ್ಲೂ ಇರಲಿಲ್ಲ.

ಅದನ್ನು ಈಗ ಬರೆಯುತ್ತೇನೆ. ಮಧ್ಯಾಹ್ನ ಗೇಟಿನೆದುರಿನ ಅಂಗಡಿಯಲ್ಲಿ ಚಾ ಕುಡಿಯುತ್ತಾ ಮೇಷ್ಟ್ರು ಹೇಳಿದ್ದು. ಮೊದಲ ವರ್ಷಗಳಲ್ಲಿ ಗಂಟೆಯ ಲೆಕ್ಕ, ಬಿಲ್ಲು ಪಾಸಾಗಲು ಐದಾರು ತಿಂಗಳು. ಆಮೇಲೆ ಸ್ವಲ್ಪ ಸ್ವಲ್ಪ ಏರಿತು. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ, ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿವರೆಗೆ ಹೆಚ್ಚಿಸಿತು, ಜೊತೆಗೆ ವಾರಕ್ಕೆ ಹದಿನೈದು ಗಂಟೆಯ ಕಾರ್ಯಭಾರ ಎಂದಿತು. ಹೆಚ್ಚಳ ಒಳ್ಳೆಯದೇ. ಆದರೆ ಮೊದಲು ಎರಡು ಮೂರು ಜನ ಹಂಚಿಕೊಳ್ಳುತ್ತಿದ್ದ ಗಂಟೆಗಳನ್ನು ಒಬ್ಬರಿಗೆ ಕೊಟ್ಟರೆ ಉಳಿದವರು ಏನಾದರು? 'ನನ್ನ ಜೊತೆಗೆ ಇನ್ನೊಬ್ಬ ಹುಡುಗ ಇದ್ದ, ಚೆನ್ನಾಗಿ ಪಾಠ ಮಾಡ್ತಿದ್ದ. ಈಗ ಪೆಟ್ರೋಲ್ ಬಂಕಲ್ಲಿದಾನೆ.' ವರ್ಷದಲ್ಲಿ ಹತ್ತು ತಿಂಗಳಷ್ಟೇ ದುಡ್ಡು. ಯುಜಿಸಿ ಅರ್ಹತೆಯ ಕತ್ತಿ ಬೇರೆ ನೇತಾಡುತ್ತಿದೆ: ನೆಟ್, ಕೆ-ಸೆಟ್ ಅಥವಾ ಪಿಎಚ್‌ಡಿ ಇಲ್ಲದವರು ಹೊರಗೆ ಎನ್ನುವ ಮಾತು. ಹೊರಗೆ ಹಾಕುವವರು ಇಪ್ಪತ್ತೈದು ವರ್ಷ ಇವರ ಕೈಯಲ್ಲಿ ಪಾಠ ಮಾಡಿಸಿಕೊಂಡು, ಮೌಲ್ಯಮಾಪನ ಮಾಡಿಸಿಕೊಂಡು, ಈಗ ಅರ್ಹತೆ ಕೇಳುತ್ತಿದ್ದಾರೆ. ಮೇಷ್ಟ್ರ ಹತ್ತಿರ ಪಿಎಚ್‌ಡಿ ಇದೆ, ನಲವತ್ತಮೂರನೇ ವಯಸ್ಸಿನಲ್ಲಿ ಮುಗಿಸಿದ್ದು. ಅವರ ಸರೀಕರು ಬಹಳ ಜನರ ಹತ್ತಿರ ಇಲ್ಲ.

ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರು ಅವನ್ನು ನಡೆಸುತ್ತಿದ್ದಾರೆ. ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತು, 2024ರ ಜನವರಿಯಲ್ಲಿ ಅವರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. 'ನೀವೂ ಹೋಗಿದ್ರಾ?' ಎಂದೆ. 'ಹೋಗದೆ ಏನು' ಎಂದು ಮೇಷ್ಟ್ರು ನಕ್ಕರು. 'ನೆಲಮಂಗಲದ ಹತ್ರ ಚಪ್ಪಲಿ ಕಿತ್ತೋಯ್ತು.' ಎರಡೂವರೆ ಗಂಟೆ ಎಸಿ ಬಸ್ಸಿನಲ್ಲಿ ಮಲಗಿ ನಾನು ಶಪಿಸಿದ್ದ ಅದೇ ರಸ್ತೆ. ಆ ದಿನಗಳಲ್ಲಿ ನಮ್ಮ ಗ್ರೂಪಿನಲ್ಲಿ ಏನು ಚರ್ಚೆಯಾಗಿತ್ತು ಎಂದು ಹಿಂದಕ್ಕೆ ಹೋಗಿ ಹುಡುಕಿದೆ. ಹೊಸ ವರ್ಷದ ಶುಭಾಶಯ, ಆ ತಿಂಗಳ 26ನೇ ತಾರೀಕು ಶುಕ್ರವಾರ ಬರುವುದರಿಂದ ಮೂರು ದಿನ ಎಲ್ಲಿಗೆ ಹೋಗೋಣ ಎಂಬ ಮಾತು. ಪಾದಯಾತ್ರೆಯ ಒಂದು ಸುದ್ದಿಯೂ ಇಲ್ಲ. ನಮಗೆ ಕಲಿಸಿದವರು ನಾವು ಇರುವ ಊರಿಗೆ ನಡೆದು ಬರುತ್ತಿದ್ದಾರೆ, ನೀರಿನ ಬಾಟಲಿ ಹಿಡಿದು ಎದುರು ಹೋಗಲು ನಮಗೆ ಗೊತ್ತಿರಲಿಲ್ಲ.

ಊರಿಗೆ ವಾಪಸಾಗಿ ಇದನ್ನೆಲ್ಲ ಗ್ರೂಪಿಗೆ ಬರೆದಾಗ ಬೈಗುಳ ಬಂತು. ಕೆಲವಕ್ಕೆ ಉತ್ತರ ಇಲ್ಲಿಯೇ ಕೊಡುತ್ತೇನೆ. 'ಅಷ್ಟಾದರೂ ಕೊಟ್ಟೆವಲ್ಲ, ಏನೂ ಕೊಡದವರಿಗಿಂತ ವಾಸಿಯಲ್ಲವಾ?' ವಾಸಿ. ನೀರಿನ ಯಂತ್ರದ ಬಗ್ಗೆ ನನಗೆ ತಕರಾರಿಲ್ಲ, ಕಲ್ಲಿನ ಬಗ್ಗೆ ಇದೆ. ಸ್ಮಾರ್ಟ್ ಬೋರ್ಡು ಬೇಕೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಕಂಪನಿಗಳಲ್ಲಿ ಅದು ಇರುವುದರಿಂದ ಅಲ್ಲಿಯೂ ಇರಲಿ ಎಂದು ನಾವೇ ಅಂದುಕೊಂಡದ್ದು. ಕೇಳಿದ್ದರೆ ನಾಲ್ಕು ಕಪಾಟು ಎನ್ನುತ್ತಿದ್ದರು.

'ನೇಮಕಾತಿ ಸರ್ಕಾರದ ಕೆಲಸ, ನಾವೇನು ಮಾಡಲು ಸಾಧ್ಯ?' ಈ ಮಾತನ್ನು ಹೇಳಿದವನು ಸಚಿವಾಲಯದಲ್ಲೇ ಕೆಲಸ ಮಾಡುವವನು. ನೂರು ಜನ ಓದಿದವರು, ಅರ್ಧ ಡಜನ್ ಸರ್ಕಾರಿ ನೌಕರರು, ಇಬ್ಬರು ಪತ್ರಕರ್ತರು, ಒಬ್ಬ ವಕೀಲೆ ಇರುವ ಗುಂಪು ನಮ್ಮದು. ಕಾಲೇಜಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಕೇಳುವ ಶಕ್ತಿಯೂ ಇಲ್ಲವೇ? ಟೀ ಶರ್ಟಿಗೆ ತಲೆಗೆ 450 ಕೊಟ್ಟಿದ್ದೇವೆ.

ನನ್ನನ್ನು ಚುಚ್ಚಿದ್ದು ಇನ್ನೊಂದು ಮಾತು. ಬಹಳ ವರ್ಷ ಮಾತಾಡದೇ ಇದ್ದ ಗೆಳತಿಯೊಬ್ಬಳು ಬರೆದಳು: 'ಮನೆ, ಆಫೀಸು, ಅತ್ತೆಯ ಔಷಧಿ, ಮಗನ ಟ್ಯೂಷನ್ ಬಿಟ್ಟು ವರ್ಷಕ್ಕೊಂದು ದಿನ ನನ್ನದೇ ಹೆಸರಿನಿಂದ ಕರೆಸಿಕೊಳ್ಳೋಕೆ ಬಂದಿದ್ದೆ ಕಣೋ. ಅದನ್ನೂ ತಪ್ಪು ಅಂತೀಯ?' ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅವಳಿಗೆ ಮಂಗಳವಾರ ರಜೆ ಸಿಗುವುದಿಲ್ಲ, ಸಿಕ್ಕಿದರೂ ಮನೆಯಿಂದ ಹೊರಡಲು ಬಿಡುವುದಿಲ್ಲ. ಲಾಂಗ್ ವೀಕೆಂಡು ಅವಳಂಥವರಿಗೆ ಇರುವ ಒಂದೇ ಕಿಂಡಿ. ಹಾಗಾಗಿ ನನ್ನ ಶೀರ್ಷಿಕೆಯನ್ನು ಅವಳ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಅವಳು ಯಾವ ದಿನ ಬೇಕಾದರೂ ಹೋಗಲಿ. ನನ್ನ ಹಾಗೆ ಎರಡು ಸಿಎಲ್ ಉಳಿಸಿಕೊಂಡು ವರ್ಷದ ಕೊನೆಯಲ್ಲಿ ಏನು ಮಾಡುವುದೆಂದು ತಿಳಿಯದೆ ಕೂರುವ ಗಂಡಸರಿಗೆ ಮಾತ್ರ ಹೇಳುತ್ತಿದ್ದೇನೆ. ಗ್ರೂಪಿನಲ್ಲಿ ಅಂಥವರು ನಲವತ್ತು ಜನರಾದರೂ ಇದ್ದೇವೆ.

ಹಳೆಯ ಪ್ರಬಂಧದ ಗ್ರಂಥಾಲಯದ ಭಾಗವನ್ನು ತಿದ್ದಿ ಸಂಪಾದಕರಿಗೆ ಕಳಿಸಿದ್ದೇನೆ. ಅದು ಮೊದಲಿನಷ್ಟು ಚೆನ್ನಾಗಿಲ್ಲ. ಹಂಚಿನ ಮೇಲಿನ ಮಳೆಯನ್ನು ಮಾತ್ರ ಬಿಟ್ಟುಕೊಂಡಿದ್ದೇನೆ, ಅದು ನಿಜವಾಗಿಯೂ ಇತ್ತು. ನನ್ನದೇ 'ಮದುಮಗಳು' ಪ್ರತಿಯನ್ನು ಆ ಹುಡುಗಿಗೆ ಕಳಿಸೋಣವೆಂದು ಮೇಷ್ಟ್ರಿಗೆ ಫೋನು ಮಾಡಿದೆ. 'ಅವ್ಳ ಹತ್ರ ಆಗ್ಲೇ ಇದೆಯಲ್ಲ, ನಂದೇ ಕೊಟ್ಟಿದೀನಿ' ಎಂದರು. ಎಣ್ಣೆ ಕಲೆ ಇರುವ ಅದೇ ಪ್ರತಿಯೇ ಎಂದು ಕೇಳಲು ಧೈರ್ಯವಾಗಲಿಲ್ಲ. 'ಕಳ್ಸೋದಾದ್ರೆ ಒಂದು ಕಪಾಟು ಕಳ್ಸು. ಬೀಗ ಬೇಡ' ಎಂದರು.

ಕಪಾಟು, ಹುದ್ದೆಗಳ ಲೆಕ್ಕ, ಮೂರು ನಲವತ್ತರ ಬಸ್ಸು, ಈ ಮೂರು ವಿಷಯ ಹಿಡಿದು ಒಂದು ದಿನ ಎಲ್ಲರೂ ಹೋಗೋಣ ಎಂದು ಗ್ರೂಪಿಗೆ ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂತು. ಆಮೇಲೆ ಒಬ್ಬ ಬರೆದ: 'ಏಪ್ರಿಲ್ 3 ಗುಡ್ ಫ್ರೈಡೇ, ಶುಕ್ರವಾರ ಬರ್ತದೆ, ಮೂರು ದಿನ ಸಿಗ್ತದೆ ಮಾರಾಯ.' ನಾನು ಫೆಬ್ರವರಿ 23ರ ಸೋಮವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ, 700 ರೂಪಾಯಿ. ಅಡಿಕೆ ಮಂಡಿಯ ಗೆಳೆಯ ಅರ್ಧ ದಿನ ಬರುತ್ತೇನೆ ಎಂದಿದ್ದಾನೆ. ಬಸ್ಸಿನಲ್ಲಿ ಇನ್ನೂ ಹತ್ತೊಂಬತ್ತು ಸೀಟು ಖಾಲಿ ಇವೆ.